ಆಕ್ಸಿಮೀಟರ್ 84 ಅಂದರೆ ನಂಬಬೇಕೆ? ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಚರ್ಮಕ್ಕೆ ಸೂಜಿ ಚುಚ್ಚದೆ ರಕ್ತದ ಆಮ್ಲಜನಕ ಅಳೆಯುವ ಉಪಕರಣಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಂದೇ ತೆರನಾದವನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 84, 85 ತೋರಿಸುತ್ತದೆ. ಕಾಫಿ ಕುಡಿದು ಒಲೆಯ ಮುಂದೆ ಕೂತೆದ್ದ ಮೇಲೆ ನೋಡಿದರೆ 97. ಏದುಸಿರು, ಕೆಮ್ಮು ಏನೂ ಇಲ್ಲ. ಮೀಟರ್ ಕೆಟ್ಟಿದೆಯೇ, ಅಮ್ಮನಿಗೇ ಏನಾದರೂ ಆಗಿದೆಯೇ? (ತೀರ್ಥಹಳ್ಳಿ)

ಉತ್ತರ: ಬಹುಮಟ್ಟಿಗೆ ಎರಡೂ ಅಲ್ಲ. ತಣ್ಣಗಿನ ಬೆರಳಿನ ಲಕ್ಷಣ ಇದು. ಅಂಕಿ 85ರ ಆಸುಪಾಸಿನಲ್ಲೇ ನಿಲ್ಲುವುದಕ್ಕೂ ಕಾರಣವಿದೆ.

ಕ್ಲಿಪ್ಪಿನ ಒಂದು ಬದಿಯಲ್ಲಿ ಎರಡು ಎಲ್‌ಇಡಿಗಳಿವೆ: 660 ನ್ಯಾನೋಮೀಟರಿನ ಕೆಂಪು, 940 ನ್ಯಾನೋಮೀಟರಿನ ಇನ್‌ಫ್ರಾರೆಡ್. ಎದುರು ಬದಿಯಲ್ಲಿ ಬೆಳಕನ್ನು ಅಳೆಯುವ ಫೋಟೋಡಯೋಡ್. ಎಲ್‌ಇಡಿಗಳು ಸೆಕೆಂಡಿಗೆ ನೂರಾರು ಸಲ ಒಂದಾದ ಮೇಲೊಂದು ಹೊತ್ತಿ ಆರುತ್ತವೆ. ಎರಡೂ ಆರಿದ ಗಳಿಗೆಯಲ್ಲಿ ಕೋಣೆಯ ಬೆಳಕನ್ನು ಅಳೆದು ಲೆಕ್ಕದಿಂದ ಕಳೆಯಲಾಗುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಬಹುಪಾಲು ಬಿಟ್ಟುಕೊಡುತ್ತದೆ, ಆಮ್ಲಜನಕ ಕಳೆದುಕೊಂಡದ್ದು ಕೆಂಪನ್ನು ಹೀರಿಕೊಳ್ಳುತ್ತದೆ. ಇನ್‌ಫ್ರಾರೆಡ್‌ನಲ್ಲಿ ಇದು ತಿರುವುಮುರುವು.

ಆದರೆ ಬೆರಳಿನಲ್ಲಿ ಚರ್ಮ, ಮೂಳೆ, ಉಗುರು, ಅಭಿಧಮನಿಯ ರಕ್ತ ಎಲ್ಲವೂ ಬೆಳಕನ್ನು ತಿನ್ನುತ್ತವೆ. ಅಪಧಮನಿಯ ಪಾಲನ್ನು ಮಾತ್ರ ಬೇರ್ಪಡಿಸುವ ದಾರಿ ತೋರಿಸಿದವರು ಜಪಾನಿನ ನಿಹೋನ್ ಕೋಡೆನ್ ಕಂಪನಿಯ ಎಂಜಿನಿಯರ್ ತಕುಓ ಅಓಯಗಿ. ಅವರು 1970ರ ದಶಕದ ಆರಂಭದಲ್ಲಿ ಕಿವಿಯ ಮೂಲಕ ಬೆಳಕು ಹಾಯಿಸಿ, ರಕ್ತಕ್ಕೆ ಸೇರಿಸಿದ ಬಣ್ಣದಿಂದ ಹೃದಯ ಹೊರಹಾಕುವ ರಕ್ತದ ಪ್ರಮಾಣ ಅಳೆಯಲು ಹೊರಟಿದ್ದರು. ನಾಡಿಬಡಿತದ ಏರಿಳಿತ ಆ ಅಳತೆಗೆ ಅಡ್ಡಿಯಾಗಿತ್ತು. ಆ ಅಡ್ಡಿಯೇ ಅಪಧಮನಿಯ ಗುರುತು ಎಂಬುದು ಅವರಿಗೆ ಹೊಳೆಯಿತು. 1974ರಲ್ಲಿ ಈ ವಿಧಾನವನ್ನು ಪ್ರಕಟಪಡಿಸಿದರು. ಪ್ರತಿ ಬಡಿತಕ್ಕೂ ಅಲುಗುವ ಬೆಳಕನ್ನು ಅಲುಗದ ಬೆಳಕಿನಿಂದ ಭಾಗಿಸಬೇಕು. ಕೆಂಪಿಗೂ ಇನ್‌ಫ್ರಾರೆಡ್‌ಗೂ ಹೀಗೆ ಪ್ರತ್ಯೇಕವಾಗಿ ಮಾಡಿ, ಬಂದ ಎರಡರ ಅನುಪಾತ ತೆಗೆಯಬೇಕು. ಮೀಟರಿನ ಅಂಕಿಗೆ ಸ್ಯಾಚುರೇಶನ್ ಎಂದು ಹೆಸರು, ಅಂದರೆ ನೂರರಲ್ಲಿ ಎಷ್ಟು ಪಾಲು ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಿದೆ ಎಂಬುದು. ಪಠ್ಯಪುಸ್ತಕದ ಸರಳ ಸೂತ್ರ: ಸ್ಯಾಚುರೇಶನ್ = 110 − (25 × ಅನುಪಾತ). ಅನುಪಾತ 0.5 ಇದ್ದರೆ 97.5. ಅನುಪಾತ 1 ಆದರೆ ಸರಿಯಾಗಿ 85.

ಬೆಚ್ಚಗಿನ ಬೆರಳಲ್ಲೂ ಅಲುಗುವ ಬೆಳಕು ಒಟ್ಟು ಬೆಳಕಿನ ನೂರಕ್ಕೆ ಒಂದೆರಡು ಪಾಲು ಮಾತ್ರ. ಚಳಿಗೆ ರಕ್ತನಾಳ ಕುಗ್ಗಿದರೆ ಅದು ಇನ್ನೂ ಹತ್ತು ಪಟ್ಟು ಇಳಿಯಬಹುದು. ಆಗ ಕೈಯ ಸಣ್ಣ ನಡುಕವೇ ನಾಡಿಗಿಂತ ದೊಡ್ಡದಾಗುತ್ತದೆ. ನಡುಕ ಎರಡೂ ಬೆಳಕನ್ನು ಸಮಪಾಲಿನಲ್ಲಿ ಅಲುಗಿಸುವುದರಿಂದ ಅನುಪಾತ 1ರ ಕಡೆಗೆ ಜಾರುತ್ತದೆ, ಪರದೆ 85 ತೋರಿಸುತ್ತದೆ. ಬೆರಳು ಸಣ್ಣದಾಗಿ ಬೆಳಕು ಪಕ್ಕದಿಂದ ನುಸುಳಿದರೂ ಅಂಕಿ ಹೀಗೇ 80ರ ಆಸುಪಾಸಿಗೆ ಬೀಳುವುದುಂಟು. ದೊಡ್ಡವರ ಕ್ಲಿಪ್ಪನ್ನು ಮಗುವಿಗೆ ಹಾಕಬಾರದು ಎನ್ನುವುದು ಇದಕ್ಕೇ.

ಹಾಗೆಂದು 85 ಬಂದಾಗಲೆಲ್ಲ ಮೀಟರಿನ ತಪ್ಪು ಎಂದು ಸುಮ್ಮನಿರಬೇಡಿ. ನಿಜವಾದ 85 ಕೂಡ ಇರುತ್ತದೆ. ಎರಡನ್ನೂ ಬೇರ್ಪಡಿಸಲು ಹೀಗೆ ಮಾಡಿ: ಅಂಗೈ ಉಜ್ಜಿ ಅಥವಾ ಬಿಸಿನೀರಲ್ಲಿ ಅದ್ದಿ ಒರೆಸಿ ಕೈ ಬೆಚ್ಚಗೆ ಮಾಡಿ. ಐದು ನಿಮಿಷ ಕೂರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿ. ಮಧ್ಯದ ಬೆರಳನ್ನು ಕ್ಲಿಪ್ಪಿನ ಕೊನೆ ಮುಟ್ಟುವ ತನಕ ತೂರಿಸಿ. ಕಿಟಕಿಯ ನೇರ ಬಿಸಿಲು ಬೇಡ, ಬಿಪಿ ಪಟ್ಟಿ ಕಟ್ಟಿದ ಕೈಯೂ ಬೇಡ. ಪೂರ್ತಿ ಒಂದು ನಿಮಿಷ ಕಾಯಿರಿ. ಈಗ ಮೊದಲು ನೋಡಬೇಕಾದ್ದು ಸ್ಯಾಚುರೇಶನ್ ಅಲ್ಲ, ನಾಡಿಯ ಅಲೆ. ಅಲೆ ಒಂದೇ ಸಮನಾಗಿ ಏಳುತ್ತಿದೆಯೇ? ಮಣಿಕಟ್ಟಿನ ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಮೀಟರಿನ ಬಡಿತಕ್ಕೂ ಇದಕ್ಕೂ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸ್ಯಾಚುರೇಶನ್ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಲೆ ಚೆನ್ನಾಗಿದ್ದು, ನಾಡಿ ಹೊಂದಿಕೊಂಡು, ಆಗಲೂ ಮತ್ತೆ ಮತ್ತೆ 94 ಅಥವಾ ಕಡಿಮೆ ಬಂದರೆ ಅದೇ ದಿನ ವೈದ್ಯರಿಗೆ ಹೇಳಿ. 90 ಅಥವಾ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ತುಟಿ ನೀಲಿಯಾಗುವುದು, ಮಾತು ತೊದಲುವುದು, ಉಸಿರು ಕಟ್ಟುವುದು ಕಂಡರೆ ಅಂಕಿ ಎಷ್ಟೇ ಇರಲಿ, ಹೊರಡಿ. ನಿಮ್ಮ ತಾಯಿಯವರು ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಲ್ಲಿಸುವವರಾದರೆ, ಬೆಳಗಿನ ಕಡಿಮೆ ಅಂಕಿಯ ಜೊತೆಗೆ ಅದನ್ನೂ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಮೆಹಂದಿ, ಉಗುರು ಬಣ್ಣ ಇದ್ದರೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆಯೇ? (ಸ್ಟಾಫ್ ನರ್ಸ್, ವಿಜಯಪುರ)

ಉತ್ತರ: ಕೆಂಪು ಮೆಹಂದಿಯಿಂದ ತೊಂದರೆ ಕಡಿಮೆ. ಕಪ್ಪು ಮೆಹಂದಿ ಬೆಳಕನ್ನೇ ತಡೆದು ಅಲೆ ಸಿಗದಂತೆ ಮಾಡಬಲ್ಲದು. ಉಗುರು ಬಣ್ಣಗಳಲ್ಲಿ ಕಪ್ಪು, ನೀಲಿ, ಹಸಿರು ಹೆಚ್ಚು ಕಾಡುತ್ತವೆ. ಅಸಿಟೋನ್ ಹುಡುಕುತ್ತ ಹೊತ್ತು ಕಳೆಯುವ ಬದಲು ಕ್ಲಿಪ್ಪನ್ನು ಅಡ್ಡಡ್ಡ ತಿರುಗಿಸಿ, ಬೆಳಕು ಬೆರಳಿನ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹಾಯುವಂತೆ ಹಾಕಿ. ಅದೂ ಆಗದಿದ್ದರೆ ಕಾಲ್ಬೆರಳು, ಅಥವಾ ಕಿವಿಗೆಂದೇ ಮಾಡಿದ ಪ್ರೋಬ್ ಇದ್ದರೆ ಕಿವಿಹಾಳೆ. ಕಾಲ್ಬೆರಳಿನ ಅಂಕಿ ನಿಜ ಸ್ಥಿತಿಗಿಂತ ತುಸು ಹಿಂದೆ ಓಡುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟಿಗೆ ಮ್ಯಾಕ್ಸ್30102 ಎಂಬ ಆಕ್ಸಿಮೀಟರ್ ಸೆನ್ಸರ್ ಮಾಡ್ಯೂಲ್ ಮತ್ತು ಆರ್ಡುಯಿನೋ ಊನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡ್ ಬಳಸುತ್ತಿದ್ದೇವೆ. ಮೊದಲ ಮಾಡ್ಯೂಲ್ ಪತ್ತೆಯೇ ಆಗಲಿಲ್ಲ. ಎರಡನೆಯದು 60ರಿಂದ 100ರ ನಡುವೆ ಕುಣಿಯುತ್ತದೆ, ಒಮ್ಮೊಮ್ಮೆ ಮೈನಸ್ ಅಂಕಿ ಬರುತ್ತದೆ. (ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹುಬ್ಬಳ್ಳಿ)

ಉತ್ತರ: ಮೊದಲನೆಯದು ಕೆಟ್ಟಿರಲಿಕ್ಕಿಲ್ಲ. ಅಗ್ಗದ ಹಲವು ಬೋರ್ಡುಗಳಲ್ಲಿ ಎಸ್‌ಡಿಎ, ಎಸ್‌ಸಿಎಲ್ ತಂತಿಗಳ ಪುಲ್‌ಅಪ್ ರೆಸಿಸ್ಟರುಗಳನ್ನು (ತಂತಿಯನ್ನು ‘ಹೈ’ ಮಟ್ಟಕ್ಕೆ ಎಳೆದಿಡುವವು) ಚಿಪ್ಪಿನ 1.8 ವೋಲ್ಟಿಗೆ ಕಟ್ಟಿರುತ್ತಾರೆ. 5 ವೋಲ್ಟಿನ ಊನೋ 3.5 ವೋಲ್ಟಿಗಿಂತ ಮೇಲಿದ್ದರಷ್ಟೇ ಅದನ್ನು ‘ಹೈ’ ಎಂದು ಖಾತ್ರಿಯಾಗಿ ಓದುತ್ತದೆ. ಬೋರ್ಡಿನ ಹಿಂದೆ 1.8 ಮತ್ತು 3.3 ಎಂದು ಬರೆದ ಬೆಸುಗೆ ಜಂಪರ್ ಇದ್ದರೆ 3.3ಕ್ಕೆ ಬದಲಿಸಿ, ಇಲ್ಲವಾದರೆ ಆ ರೆಸಿಸ್ಟರುಗಳನ್ನು ಕಿತ್ತು 4.7 ಕಿಲೋಓಮ್‌ನ ಎರಡನ್ನು ಹೊರಗಿನಿಂದ 3.3 ವೋಲ್ಟಿಗೆ ಹಾಕಿ. 3.3 ಕೂಡ ಖಾತ್ರಿಯ 3.5ಕ್ಕಿಂತ ತುಸು ಕಡಿಮೆಯೇ, ಆದರೂ ಸಾಮಾನ್ಯವಾಗಿ ನಡೆಯುತ್ತದೆ. ಊನೋ ಬದಲು 3.3 ವೋಲ್ಟಿನ ಇಎಸ್‌ಪಿ32 ಬಳಸುವುದೇ ಮೇಲು. ಆಮೇಲೆ ಐಸ್ಕ್ವೇರ್‌ಸಿ ಸ್ಕ್ಯಾನರಿನಲ್ಲಿ (ಆ ತಂತಿಗಳಲ್ಲಿರುವ ಸಾಧನ ಹುಡುಕುವ ಪ್ರೋಗ್ರಾಮ್) ಹೆಕ್ಸ್ 57 ವಿಳಾಸ ಕಾಣಬೇಕು. ಹೆಕ್ಸ್ ಎಫ್‌ಎಫ್ ರಿಜಿಸ್ಟರ್ ಓದಿದರೆ ಹೆಕ್ಸ್ 15 ಬರಬೇಕು.

ಎರಡನೆಯದಕ್ಕೆ ಬರೋಣ. ಇದು ಬೆಳಕನ್ನು ಬೆರಳಿನ ಮೂಲಕ ಹಾಯಿಸುವ ಬದಲು ಚರ್ಮದಿಂದ ವಾಪಸು ಬಂದ ಬೆಳಕನ್ನು ಅಳೆಯುವ ಸೆನ್ಸರ್. ಕೆಂಪು 660, ಇನ್‌ಫ್ರಾರೆಡ್ 880 ನ್ಯಾನೋಮೀಟರ್. ರಿಜಿಸ್ಟರ್ 09ಕ್ಕೆ ಹೆಕ್ಸ್ 40 ಬರೆದು ರಿಸೆಟ್ ಮಾಡಿ, ನಂತರ ಅದಕ್ಕೇ 03 ಬರೆದು ಎರಡೂ ಎಲ್‌ಇಡಿಗಳ ಮೋಡಿಗೆ ತನ್ನಿ. ರಿಜಿಸ್ಟರ್ 0ಎಗೆ ಹೆಕ್ಸ್ 27 ಬರೆಯಿರಿ: 4096 ನ್ಯಾನೋಆಂಪಿಯರ್ ವ್ಯಾಪ್ತಿ, ಸೆಕೆಂಡಿಗೆ 100 ಸ್ಯಾಂಪಲ್, 411 ಮೈಕ್ರೋಸೆಕೆಂಡ್ ಪಲ್ಸ್, 18 ಬಿಟ್. ಎಲ್‌ಇಡಿ ಕರೆಂಟಿನ 0ಸಿ, 0ಡಿ ರಿಜಿಸ್ಟರುಗಳಿಗೆ ಹೆಕ್ಸ್ 24ರಿಂದ ಶುರುಮಾಡಿ, ಅದು ಸುಮಾರು 7 ಮಿಲಿಆಂಪಿಯರ್. ಬೆರಳಿಟ್ಟಾಗ ಎರಡೂ ಚಾನೆಲ್ 1 ಲಕ್ಷದಿಂದ 2 ಲಕ್ಷದೊಳಗೆ ನಿಲ್ಲುವಂತೆ ಕರೆಂಟು ಹೊಂದಿಸಿ. 2,62,143ಕ್ಕೆ ಅಂಟಿಕೊಂಡಿದ್ದರೆ ಎಡಿಸಿ (ಬೆಳಕಿನ ಅಳತೆಯನ್ನು ಅಂಕಿಯಾಗಿಸುವ ಭಾಗ) ತುಂಬಿದೆ, ಅಲ್ಲಿ ನಾಡಿ ಸಿಗುವುದಿಲ್ಲ.

ಈಗ ಸ್ಯಾಚುರೇಶನ್ ಮರೆತು ಬರೀ ಇನ್‌ಫ್ರಾರೆಡ್ ಸಂಖ್ಯೆಗಳನ್ನು ಪ್ಲಾಟರಿನಲ್ಲಿ ನೋಡಿ. ಪ್ರತಿ ಬಡಿತದ ಅಲೆ ಕಣ್ಣಿಗೆ ಕಾಣದಿದ್ದರೆ ಯಾವ ಸೂತ್ರವೂ ನಿಮ್ಮನ್ನು ಕಾಪಾಡದು. ಅಲೆ ಮುರಿಮುರಿದು ಬಂದರೆ ಸೀರಿಯಲ್ ವೇಗ ನೋಡಿ: ಸೆಕೆಂಡಿಗೆ 100 ಸಾಲು, ಸಾಲಿಗೆ 15 ಅಕ್ಷರ ಅಂದರೆ 1500 ಅಕ್ಷರ. 9600 ಬಾಡ್‌ನಲ್ಲಿ ಹೋಗುವುದು 960 ಮಾತ್ರ. ಚಿಪ್ಪಿನ ಫಿಫೋದಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಹಿಡಿಯುವುದು 32 ಸ್ಯಾಂಪಲ್, ಅಂದರೆ 0.32 ಸೆಕೆಂಡಿನ ಮಾಹಿತಿ. ಅಷ್ಟರಲ್ಲಿ ಓದದಿದ್ದರೆ ಸ್ಯಾಂಪಲುಗಳು ಕಳೆದುಹೋಗುತ್ತವೆ. 1,15,200 ಬಾಡ್ ಇಡಿ. ಓಲೆಡ್ ಪರದೆಯನ್ನು ಪ್ರತಿ ಸ್ಯಾಂಪಲಿಗೂ ಬರೆಯದೆ ಸೆಕೆಂಡಿಗೊಮ್ಮೆ ಬರೆಯಿರಿ.

ಅಂಕಿ ಕುಣಿಯಲು ಇನ್ನೊಂದು ದೊಡ್ಡ ಕಾರಣ ಬೆರಳಿನ ಒತ್ತಡ. ಕೈಯಲ್ಲಿ ಒತ್ತಿ ಹಿಡಿದರೆ ಒತ್ತಡ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಜಾಸ್ತಿ ಒತ್ತಿದರೆ ರಕ್ತವೇ ಸರಿದುಹೋಗುತ್ತದೆ. ಸೆನ್ಸರನ್ನು ಬೆರಳಿಗೆ ವೆಲ್ಕ್ರೋ ಪಟ್ಟಿಯಿಂದ ಹಗುರವಾಗಿ ಕಟ್ಟಿ, ಮೇಲೆ ಕಪ್ಪು ಫೋಮ್ ಮುಚ್ಚಿ. ಲೆಕ್ಕದಲ್ಲಿ 4 ಸೆಕೆಂಡಿನ ಕಿಟಕಿ ತೆಗೆದುಕೊಳ್ಳಿ. ಸರಾಸರಿಯೇ ಅಲುಗದ ಭಾಗ. 0.5ರಿಂದ 4 ಹರ್ಟ್ಸ್ ಫಿಲ್ಟರಿನಿಂದ ಹೊರಬಂದ ಅಲೆಯ ಆರ್‌ಎಂಎಸ್ ಬೆಲೆಯೇ (ಏರಿಳಿತದ ಸರಾಸರಿ ಗಾತ್ರ) ಅಲುಗುವ ಭಾಗ. ಎರಡೂ ಚಾನೆಲಿಗೆ ಒಂದೇ ಫಿಲ್ಟರ್ ಇರಬೇಕು. ಕೆಂಪು ಮತ್ತು ಇನ್‌ಫ್ರಾರೆಡ್ ಅಲೆಗಳ ಹೊಂದಾಣಿಕೆ (ಕೋರಿಲೇಶನ್) 0.9ಕ್ಕಿಂತ ಕಡಿಮೆಯಾದ ಕಿಟಕಿಯನ್ನು ಬಿಸಾಡಿ, ಉಳಿದ ಐದರ ಮಧ್ಯಾಂಕ ತೋರಿಸಿ.

ಮೈನಸ್ ಎಲ್ಲಿಂದ ಬಂತು? ತಯಾರಕರ ಮಾದರಿ ಕೋಡಿನ ಸೂತ್ರ −45.06 × ಅನುಪಾತದ ವರ್ಗ + 30.354 × ಅನುಪಾತ + 94.845. ಆರೋಗ್ಯವಂತರ ಅನುಪಾತ 0.5 ಹಾಕಿದರೆ 98.8 ಬರುತ್ತದೆ. ಆದರೆ ಕೆಂಪು, ಇನ್‌ಫ್ರಾರೆಡ್ ಅದಲುಬದಲಾದರೆ 0.5 ಇದ್ದದ್ದು 2 ಆಗುತ್ತದೆ, ಉತ್ತರ ಸುಮಾರು −25. ಕೆಲವು ನಕಲಿ ಬೋರ್ಡುಗಳಲ್ಲಿ ಈ ಅದಲುಬದಲು ಇರುತ್ತದೆ. ರಿಜಿಸ್ಟರ್ 0ಡಿಯನ್ನು ಸೊನ್ನೆ ಮಾಡಿ: ಕೆಂಪು ಬೆಳಕು ಉಳಿಯಬೇಕು. ಅದೇ ಆರಿಹೋದರೆ ಕೋಡಿನಲ್ಲಿ ಎರಡು ಚಾನೆಲುಗಳ ಹೆಸರು ತಿರುವಿಹಾಕಿ.

ವರದಿಯಲ್ಲಿ ‘ನಿಖರತೆ ಶೇ. 98’ ಎಂದು ದಯವಿಟ್ಟು ಬರೆಯಬೇಡಿ. ಮಾರುಕಟ್ಟೆಯ ಮೀಟರುಗಳನ್ನು ಕ್ಯಾಲಿಬ್ರೇಟ್ ಮಾಡುವಾಗ ಆರೋಗ್ಯವಂತ ಸ್ವಯಂಸೇವಕರಿಗೆ ವೈದ್ಯರ ಎದುರು ಕಡಿಮೆ ಆಮ್ಲಜನಕದ ಗಾಳಿ ಕೊಟ್ಟು ಸ್ಯಾಚುರೇಶನನ್ನು 70ರ ತನಕ ಇಳಿಸಿ, ಪ್ರತಿ ಹಂತದಲ್ಲೂ ಅಪಧಮನಿಯ ರಕ್ತ ತೆಗೆದು ಹೋಲಿಸುತ್ತಾರೆ. ನೀವು 97 ಇರುವ ಗೆಳೆಯರ ಬೆರಳಿನ ಮೇಲೆ ಹೋಲಿಸಿದರೆ 88ರಲ್ಲಿ ನಿಮ್ಮ ಉಪಕರಣ ಹೇಗಿದೆ ಎಂಬುದು ತಿಳಿಯುವುದಿಲ್ಲ. ಉಸಿರು ಬಿಗಿಹಿಡಿದು ಪರೀಕ್ಷೆ ಮಾಡುವ ಸಾಹಸವಂತೂ ಬೇಡವೇ ಬೇಡ.

ಪ್ರಶ್ನೆ: ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದೆ. ತಂಗಿ ಸ್ನಾನಕ್ಕೆ ಹೋದವಳು ತಲೆಸುತ್ತಿ ಬಿದ್ದಳು. ಮನೆಯ ಆಕ್ಸಿಮೀಟರ್ 99 ತೋರಿಸಿತು. ಹಾಗಾದರೆ ಗ್ಯಾಸಿನಿಂದ ಆದದ್ದಲ್ಲ ಅಲ್ಲವೇ? (ಮೈಸೂರು)

ಉತ್ತರ: 99 ಇದ್ದರೂ ಗ್ಯಾಸಿನಿಂದಲೇ ಆಗಿರಬಹುದು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಅರೆಬರೆ ಉರಿದು ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟುತ್ತದೆ. ಹಾಗೆ ಅಂಟಿದ ಹಿಮೋಗ್ಲೋಬಿನ್ 660 ನ್ಯಾನೋಮೀಟರಿನಲ್ಲಿ ಆಮ್ಲಜನಕ ಹೊತ್ತದ್ದರಂತೆಯೇ ಕಾಣುತ್ತದೆ. ಎರಡೇ ಬಣ್ಣದ ಬೆಳಕಿರುವ ಮೀಟರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಮ್ಲಜನಕವಿಲ್ಲದೆ ಒದ್ದಾಡುತ್ತಿರುವವರ ಬೆರಳಲ್ಲೂ 98, 99 ಬರುತ್ತದೆ.

ಹೀಗಾದಾಗ ಮೊದಲು ಬಾಗಿಲು ತೆರೆದು ಅವರನ್ನು ಹೊರಗಿನ ಗಾಳಿಗೆ ತನ್ನಿ, ಸಿಲಿಂಡರ್ ಮುಚ್ಚಿ, 108ಕ್ಕೆ ಕರೆಮಾಡಿ. ‘ಗ್ಯಾಸ್ ಗೀಸರ್ ಇತ್ತು’ ಎಂದು ಆಸ್ಪತ್ರೆಯಲ್ಲಿ ತಪ್ಪದೆ ಹೇಳಿ. ಕೋ-ಆಕ್ಸಿಮೀಟರ್ ಯಂತ್ರದಲ್ಲಿ ರಕ್ತಪರೀಕ್ಷೆ ಮಾಡಿದರಷ್ಟೇ ಇದು ತಿಳಿಯುವುದು. ಬರೀ ಗಾಳಿ ಉಸಿರಾಡಿದರೆ ಆ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಪೂರ್ಣ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ. ತಂಗಿಯನ್ನು ಇನ್ನೂ ವೈದ್ಯರಿಗೆ ತೋರಿಸಿಲ್ಲವಾದರೆ ಇಂದೇ ತೋರಿಸಿ. ಗೀಸರನ್ನು ಸ್ನಾನದ ಮನೆಯಿಂದ ಹೊರಗಿನ ಗೋಡೆಗೆ ಹಾಕಿಸುವ ತನಕ ಹಚ್ಚಲೇಬೇಡಿ.

ಪ್ರಶ್ನೆ: ಕಪ್ಪು ಮೈಬಣ್ಣದವರಿಗೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ ಎಂದು ಓದಿದೆ. ನಿಜವೇ? (ರಾಯಚೂರು)

ಉತ್ತರ: ನಿಜ, ಮತ್ತು ತಪ್ಪು ಅಪಾಯದ ದಿಕ್ಕಿನಲ್ಲಿದೆ: ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 2020ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಇದನ್ನು ಅಂಕಿಗಳಲ್ಲಿ ಇಟ್ಟರು. ಮೀಟರ್ 92ರಿಂದ 96 ತೋರಿಸುತ್ತಿದ್ದಾಗ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ಶೇ. 3.6 ಸಲ, ಕಪ್ಪು ಜನರಲ್ಲಿ ಶೇ. 11.7 ಸಲ. ಸ್ಯಾಚುರೇಶನ್ ಇಳಿದಷ್ಟೂ ಈ ತಪ್ಪು ಹೆಚ್ಚುತ್ತದೆ. ಮೀಟರಿನ ಡಬ್ಬದ ಮೇಲಿನ ‘±2’ ಕೂಡ ಪ್ರತಿ ಅಳತೆಗೂ ಕೊಟ್ಟ ಖಾತ್ರಿಯಲ್ಲ, ಸುಮಾರು ಮೂರರಲ್ಲಿ ಎರಡು ಅಳತೆ ಅಷ್ಟರೊಳಗೆ ಬರುತ್ತವೆ ಎಂದಷ್ಟೇ ಅರ್ಥ.

ಮನೆಯಲ್ಲಿ ಮಾಡಬಹುದಾದ್ದು ಇಷ್ಟು: ಆರೋಗ್ಯವಾಗಿರುವಾಗಲೇ ಎಲ್ಲರ ಅಂಕಿಯನ್ನು ಬೇರೆ ಬೇರೆ ದಿನ ಮೂರು ನಾಲ್ಕು ಸಲ ನೋಡಿ ಬರೆದಿಡಿ. ಸದಾ 98 ಇರುವವರು ಜ್ವರದಲ್ಲಿ 95ಕ್ಕೆ ಇಳಿದರೆ ಆ ಮೂರು ಅಂಕಿಯ ಕುಸಿತವೇ ಮುಖ್ಯ. 95 ‘ನಾರ್ಮಲ್’ ಎಂದು ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲ.

ಪ್ರಶ್ನೆ: ಹುಟ್ಟಿದ ಮರುದಿನ ಮಗುವಿನ ಬಲಗೈಗೂ ಕಾಲಿಗೂ ಬೇರೆ ಬೇರೆಯಾಗಿ ಆಕ್ಸಿಮೀಟರ್ ಹಾಕಿದರು. ಯಾಕೆ? (ಕಲಬುರಗಿ)

ಉತ್ತರ: ಹುಟ್ಟಿನಿಂದ ಬಂದ ತೀವ್ರ ಹೃದಯದೋಷ ಪತ್ತೆಗೆ. ಬಲಗೈಗೆ ಹೋಗುವ ರಕ್ತನಾಳ ಮಹಾಪಧಮನಿಯಿಂದ ಮೊದಲೇ ಕವಲೊಡೆಯುತ್ತದೆ. ಗರ್ಭದಲ್ಲಿದ್ದಾಗಿನ ಅಡ್ಡನಾಳ ಅದರಾಚೆಗೆ ಸೇರುತ್ತದೆ. ಆ ನಾಳದಿಂದ ಆಮ್ಲಜನಕವಿಲ್ಲದ ರಕ್ತ ಬೆರೆಯುತ್ತಿದ್ದರೆ ಕಾಲಿನ ಅಂಕಿ ಕಡಿಮೆ ಬರುತ್ತದೆ. 24 ಗಂಟೆ ಕಳೆದ ಮೇಲೆ ಎರಡೂ ಕಡೆ 95 ಅಥವಾ ಹೆಚ್ಚು ಇದ್ದು, ವ್ಯತ್ಯಾಸ 3 ದಾಟದಿದ್ದರೆ ಸರಿ. ಯಾವುದೇ ಒಂದು 90ಕ್ಕಿಂತ ಕಡಿಮೆಯಾದರೆ ಕೂಡಲೇ ತಜ್ಞರ ತಪಾಸಣೆ, ಎಕೋ. ನಡುವಿನ ಅಂಕಿಗೆ ಒಂದು ಗಂಟೆ ಬಿಟ್ಟು ಮತ್ತೆ ಅಳತೆ. ಹುಟ್ಟಿದ ಮೊದಲ ನಿಮಿಷದಲ್ಲಿ 60ರಿಂದ 65, ಐದನೇ ನಿಮಿಷಕ್ಕೆ 80ರಿಂದ 85 ಇರುವುದು ಸಹಜ. ಅದಕ್ಕೆ ಗಾಬರಿ ಬೇಡ.

ಪ್ರಶ್ನೆ: ಅಪ್ಪನಿಗೆ ಬೀಡಿಯಿಂದ ಬಂದ ಸಿಒಪಿಡಿ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ). ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದೆ. ನಿಮಿಷಕ್ಕೆ 1 ಲೀಟರಿನಲ್ಲಿ 90 ಬರುತ್ತದೆ, 4 ಲೀಟರ್ ಮಾಡಿದರೆ 98. ಆದರೆ ಆಮೇಲೆ ಬಹಳ ನಿದ್ದೆ ಮಾಡುತ್ತಾರೆ. (ದಾವಣಗೆರೆ)

ಉತ್ತರ: ದಯವಿಟ್ಟು ಇಂದೇ ವೈದ್ಯರು ಬರೆದುಕೊಟ್ಟ ಪ್ರಮಾಣಕ್ಕೆ ಮರಳಿ ತನ್ನಿ, ಈ ನಿದ್ದೆಯ ವಿಷಯ ಅವರಿಗೆ ಫೋನ್ ಮಾಡಿ ತಿಳಿಸಿ. ಸಿಒಪಿಡಿ ಇರುವ, ಇಂಗಾಲದ ಡೈಆಕ್ಸೈಡ್ ಕಟ್ಟಿಕೊಳ್ಳುವ ಅಪಾಯವಿರುವ ರೋಗಿಗಳಿಗೆ ಗುರಿ 88ರಿಂದ 92. ಅದಕ್ಕಿಂತ ಮೇಲಕ್ಕೆ ಎಳೆದರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲೇ ಉಳಿದು ಮಂಪರು, ಬೆಳಗಿನ ತಲೆನೋವು, ಚಾಚಿದ ಕೈಗಳ ಪಟಪಟ ನಡುಕ ಶುರುವಾಗುತ್ತದೆ. ಎಬ್ಬಿಸಿದರೂ ಏಳದಷ್ಟು ಮಂಪರಾದರೆ 108. ಆಕ್ಸಿಮೀಟರಿಗೆ ಇಂಗಾಲದ ಡೈಆಕ್ಸೈಡ್ ಕಾಣಿಸುವುದೇ ಇಲ್ಲ, 98 ತೋರಿಸುತ್ತಲೇ ಇರುತ್ತದೆ.

90ರಿಂದ 98ಕ್ಕೆ ಏರಿಸಿ ಸಿಗುವ ಲಾಭವೂ ಅಲ್ಪ. 90 ಎಂದರೆ ರಕ್ತದಲ್ಲಿ ಆಮ್ಲಜನಕದ ಒತ್ತಡ ಸುಮಾರು 60 ಮಿ.ಮೀ. ಪಾದರಸ. ಅಲ್ಲಿಂದ ಮೇಲೆ ಒತ್ತಡ ಎಷ್ಟು ಏರಿದರೂ ಹಿಮೋಗ್ಲೋಬಿನ್ ಹೊರುವುದು ಇನ್ನೊಂದಿಷ್ಟೇ. ಅದರ ಕೆಳಗೆ ಮಾತ್ರ ಇಳಿಜಾರು ಕಡಿದು, ಹಾಗಾಗಿ 88ಕ್ಕಿಂತ ಕೆಳಗಿಳಿದರೆ ಸುಮ್ಮನೆ ಕೂರಬಾರದು. ಮನೆಯಲ್ಲಿ ದೀರ್ಘಕಾಲದ ಆಕ್ಸಿಜನ್ ಬರೆದುಕೊಟ್ಟಿದ್ದರೆ ಹೆಚ್ಚು ಲೀಟರ್ ಅಲ್ಲ, ಹೆಚ್ಚು ಗಂಟೆ ಮುಖ್ಯ: ದಿನಕ್ಕೆ ಕನಿಷ್ಠ 15 ಗಂಟೆ. ಹತ್ತಿರದಲ್ಲಿ ಬೀಡಿ, ದೀಪ, ಒಲೆ ಇರಕೂಡದು.

ಪ್ರಶ್ನೆ: ಕೈಗಡಿಯಾರದ ಸ್ಯಾಚುರೇಶನ್ ನಂಬಬಹುದೇ? (ಉಡುಪಿ)

ಉತ್ತರ: ಕಾಯಿಲೆಯ ತೀರ್ಮಾನಕ್ಕೆ ಬೇಡ. ಮಣಿಕಟ್ಟಿನ ಚರ್ಮದಲ್ಲಿ ನಾಡಿಯ ಅಲೆ ಬೆರಳಿಗಿಂತ ತುಂಬ ದುರ್ಬಲ, ಪಟ್ಟಿ ಸಡಿಲವಾದರೆ ಬೆಳಕು ನುಸುಳುತ್ತದೆ. ಹೆಚ್ಚಿನ ಗಡಿಯಾರಗಳನ್ನು ವೈದ್ಯಕೀಯ ಉಪಕರಣವೆಂದು ಮಾರುವುದೂ ಇಲ್ಲ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣು ಮೂರು ತಿಂಗಳಾದರೂ ಮಾಗಿಲ್ಲ. ಬೆರಳಲ್ಲಿ ಸ್ಯಾಚುರೇಶನ್ 98 ಇದೆ. ಆದರೂ ವೈದ್ಯರು ‘ಪಾದದ ಚರ್ಮದ ಆಮ್ಲಜನಕ ಅಳೆಯಬೇಕು’ ಎನ್ನುತ್ತಿದ್ದಾರೆ. (ಬೆಂಗಳೂರು)

ಉತ್ತರ: ಅವರು ಹೇಳುವುದು ಸರಿ. ಕೈಬೆರಳಿನ 98 ಎಂದರೆ ಹೃದಯದಿಂದ ಹೊರಟ ರಕ್ತ ಆಮ್ಲಜನಕ ತುಂಬಿಕೊಂಡಿದೆ ಎಂದಷ್ಟೇ. ಅದು ಹುಣ್ಣಿನ ತನಕ ಮುಟ್ಟುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಇದನ್ನು ಅಳೆಯುವ ಟಿಸಿಪಿಒ2 ಎಂಬ ಪರೀಕ್ಷೆಯಲ್ಲಿ ಬೆಳಕಿಲ್ಲ. ಚರ್ಮದ ಮೇಲೆ ಅಂಟಿಸಿದ ಪುಟ್ಟ ಎಲೆಕ್ಟ್ರೋಡ್ ಅಲ್ಲಿನ ಚರ್ಮವನ್ನು 44 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುತ್ತದೆ. ಆ ಶಾಖಕ್ಕೆ ಲೋಮನಾಳಗಳು ಹಿಗ್ಗಿ, ಚರ್ಮದಿಂದ ಹೊರಗೆ ಒಸರುವ ಆಮ್ಲಜನಕವನ್ನು ಎಲೆಕ್ಟ್ರೋಡ್ ಎಣಿಸುತ್ತದೆ. 1970ರ ದಶಕದಲ್ಲಿ ಜರ್ಮನಿಯಲ್ಲಿ ನವಜಾತ ಶಿಶುಗಳಿಗಾಗಿ ಬೆಳೆದ ವಿಧಾನ ಇದು.

ಪರೀಕ್ಷೆಯ ದಿನ ಸಿಗರೇಟು, ಕಾಫಿ ಬಿಡಿ. ಬೆಚ್ಚಗಿನ ಕೋಣೆಯಲ್ಲಿ ಅಂಗಾತ ಮಲಗಿಸುತ್ತಾರೆ. ಹೋಲಿಕೆಗೆ ಒಂದು ಸೆನ್ಸರ್ ಕತ್ತಿನ ಕೆಳಗೆ ಎದೆಯ ಮೇಲೆ, ಉಳಿದವು ಹುಣ್ಣಿನ ಸುತ್ತಲಿನ ಒಳ್ಳೆಯ ಚರ್ಮದ ಮೇಲೆ. ಆಣಿ, ಬಾವು, ಎದ್ದು ಕಾಣುವ ರಕ್ತನಾಳ, ಮೂಳೆಯ ಉಬ್ಬು ತಪ್ಪಿಸಬೇಕು. ಅಂಟಿನ ಉಂಗುರದೊಳಗೆ ಹಾಕುವ ದ್ರವದಲ್ಲಿ ಗಾಳಿಗುಳ್ಳೆ ಉಳಿದರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ. ಸ್ಥಿರವಾಗಲು 15ರಿಂದ 20 ನಿಮಿಷ ಬೇಕು. 40 ಮಿ.ಮೀ. ಪಾದರಸಕ್ಕಿಂತ ಕಡಿಮೆ ಎಂದರೆ ಕೊರತೆ. 30ಕ್ಕಿಂತ ಕಡಿಮೆಯಾದರೆ ರಕ್ತ ಸಂಚಾರ ಸರಿಪಡಿಸದೆ ಹುಣ್ಣು ಮಾಗುವುದು ಕಷ್ಟ. ಸೆನ್ಸರನ್ನು ಕೋಣೆಯ ಗಾಳಿಗೆ ಕ್ಯಾಲಿಬ್ರೇಟ್ ಮಾಡುವಾಗ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಒಣಗಾಳಿಯ ಆಮ್ಲಜನಕದ ಒತ್ತಡ ಮಂಗಳೂರಿನ ಕಡಲ ಮಟ್ಟದಲ್ಲಿ ಸುಮಾರು 159 ಮಿ.ಮೀ., 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಸುಮಾರು 143. ಯಂತ್ರದಲ್ಲಿ ವಾಯುಭಾರದ ಬೆಲೆ ತಪ್ಪಿದ್ದರೆ ರೋಗಿಯ ಅಂಕಿಯೂ ಅದೇ ಪ್ರಮಾಣದಲ್ಲಿ ತಪ್ಪುತ್ತದೆ.

ನಿಮ್ಮ ಪಾದಕ್ಕೆ ಬಿಸಿ ತಿಳಿಯುವ ಸ್ಪರ್ಶ ಕಡಿಮೆಯಾಗಿದ್ದರೆ ಸೆನ್ಸರ್ ಅಂಟಿಸುವ ಮೊದಲೇ ಹೇಳಿ. ತೆಗೆದ ಮೇಲೆ ಕೆಂಪು ಗುರುತು ಒಂದು ದಿನ ಇರುವುದು ಸಾಮಾನ್ಯ. ಗುಳ್ಳೆ ಎದ್ದರೆ ಅದು ಸುಟ್ಟ ಗಾಯ, ತಕ್ಷಣ ತೋರಿಸಿ.